ಒಂದನೇ ಭೀಮ ಏಳಲೇ ಇಲ್ಲ

ಗುಬ್ಬಿಯ ಸಮುದಾಯ ಭವನದಲ್ಲಿ, ಶಾಲೆ ಬಿಟ್ಟು ಬರುವ ಮಕ್ಕಳಿಗೂ ಅವರನ್ನು ಕರೆದೊಯ್ಯಲು ಬರುವ ಅಜ್ಜ-ಅಜ್ಜಿಯರಿಗೂ ಒಟ್ಟಿಗೇ ನಾಟಕ ಕಲಿಸುವ ಕೆಲಸ ನನಗೆ ಸಿಕ್ಕಿತ್ತು. ನನ್ನ ಅರ್ಹತೆ ಇಷ್ಟೇ: ತುಮಕೂರಿನ ಕಾಲೇಜಿನಲ್ಲಿ ಒಮ್ಮೆ ಮರದ ಪಾತ್ರ ಮಾಡಿದ್ದೆ. ನಿಂತಲ್ಲೇ ನಿಲ್ಲಬೇಕಾದ ಆ ಮರ ಎರಡನೇ ದೃಶ್ಯದಲ್ಲಿ ಉರುಳಿಬಿದ್ದಿತ್ತು. ಆದರೂ ಕರೆದರು, ಯಾಕೆಂದರೆ ಬೇರೆ ಯಾರೂ ಬರಲು ಒಪ್ಪಿರಲಿಲ್ಲ.

ಬಕಾಸುರನ ಕಥೆ ಆರಿಸಿದೆ. ಬಂಡಿ ತುಂಬ ಅನ್ನ ಒಯ್ದ ಭೀಮ ಅದನ್ನು ರಾಕ್ಷಸನಿಗೆ ಕೊಡದೆ ತಾನೇ ತಿಂದು, ಆಮೇಲೆ ರಾಕ್ಷಸನನ್ನೂ ಮುಗಿಸುತ್ತಾನೆ. ನಮ್ಮ ಕಡೆಯ ನಾಟಕಗಳಲ್ಲಿ ಒಂದೇ ಪಾತ್ರವನ್ನು ಇಬ್ಬರು ಮೂವರು ಹಂಚಿಕೊಳ್ಳುವುದು ಮಾಮೂಲಿ. ಒಂದನೇ ಭೀಮ ಒಳಗೆ ಹೋದರೆ ಎರಡನೇ ಭೀಮ ಬರುತ್ತಾನೆ, ಮುಖ ಬದಲಾಯಿತಲ್ಲ ಎಂದು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಊಟ ಮಾಡುವ ಒಂದನೇ ಭೀಮ ನಾಲ್ಕನೇ ಕ್ಲಾಸಿನ ಕಡ್ಡಿಯಂಥ ಹುಡುಗಿ. ಕೊಲ್ಲುವ ಎರಡನೇ ಭೀಮ ಅವಳ ಅಜ್ಜಿ.

ಅಜ್ಜಿ ನಿಟ್ಟೂರಿನವರು. ಪಾತ್ರ ನಾನು ಕೊಟ್ಟದ್ದಲ್ಲ, ಅವರು ಕಿತ್ತುಕೊಂಡದ್ದು.

"ನಮ್ಮಣ್ಣ ಊರಲ್ಲಿ ಭೀಮ ಆಗೋನು ಕಣಪ್ಪ. ನನ್ ಮದ್ವೆ ಸೀರೇನೇ ಕಚ್ಚೆ ಹಾಕ್ಕೊಂಡು ಕುಣಿಯೋನು. ನನ್ ಸೀರೆ ಎಷ್ಟ್ ಸಲ ಸ್ಟೇಜ್ ಹತ್ತೈತೋ! ನಾನು ಒಂದ್ಸಲಾನೂ ಹತ್ತಿಲ್ಲ. ಕೊಲ್ಲೋ ಸೀನು ನಂಗೇ ಕೊಡು."

ಕೊಟ್ಟೆ. ಇಲ್ಲವೆಂದಿದ್ದರೆ ಅಲ್ಲೇ ರಿಹರ್ಸಲ್ ಶುರುವಾಗಿ, ನಾನು ಬಕಾಸುರನಾಗಿಬಿಡುತ್ತಿದ್ದೆ. ನಿಜವಾದ ಬಕಾಸುರ ಕುಣಿಗಲ್ ಕಡೆಯ ರಿಟೈರ್ಡ್ ಬಸ್ ಡ್ರೈವರ್ ತಾತ. ಅವರು ನಕ್ಕರೆ ಏರ್ ಹಾರನ್ ಹೊಡೆದಂತೆ.

ನಾಟಕದ ಸಂಜೆ ವಾಚ್‌ಮನ್ ಮೊದಲೇ ಎಚ್ಚರಿಸಿದ. "ಎಂಟಕ್ಕೆ ಮದ್ವೆ ಪಾರ್ಟಿ ಬತ್ತದೆ. ಭೀಮ ಇರ್ಲಿ, ಧರ್ಮರಾಯ ಇರ್ಲಿ, ಲೈಟ್ ಆಫ್."

ಅನ್ನದ ರಾಶಿಗೆ ಹತ್ತಿ ಸಾಕು ಎಂದು ಮಕ್ಕಳೇ ಹೇಳಿದ್ದರು. ಆದರೆ ನಾನು ಮಹಾ ನಿರ್ದೇಶಕನಲ್ಲವೇ! ಅಭಿನಯ ಸಹಜವಾಗಿರಬೇಕೆಂದು ಹೋಟೆಲಿನಿಂದ ಒಂದು ಡಬರಿ ಬಿಸಿ ಚಿತ್ರಾನ್ನ ತರಿಸಿ, ಮೇಲೆ ವಡೆಗಳ ಗೋಪುರ ಕಟ್ಟಿದೆ. ಮಧ್ಯಾಹ್ನದಿಂದ ಬಣ್ಣ ಹಚ್ಚಿಕೊಂಡು ಕೂತವರಿಗೆ ಏನಾದರೂ ತಿನ್ನಲು ಕೊಡಬೇಕೆಂದು ಮಾತ್ರ ಹೊಳೆಯಲಿಲ್ಲ.

ಒಂದನೇ ಭೀಮ ಡಬರಿ ಮುಂದೆ ಕೂತಳು. ನಾಲ್ಕು ತುತ್ತು ತಿಂದು, ತೇಗಿ, ಒಳಗೆ ಬರಬೇಕಿತ್ತು. ತಿಂದಳು, ತೇಗಲಿಲ್ಲ. ಗೋಪುರದ ಕಳಸ ಹೋಯಿತು, ಎರಡನೇ ಅಂತಸ್ತೂ ಹೋಯಿತು. ಎಂಥ ಅಭಿನಯ ಎಂದು ಜನ ಚಪ್ಪಾಳೆ ತಟ್ಟಿದರು.

"ಸಾಕು ಬಾರೇ!" ಪರದೆಯ ಹಿಂದಿನಿಂದ ಪಿಸುಗುಟ್ಟಿದೆ.

"ಇರಣ್ಣ, ವಡೆ ಗರಿಗರಿ ಐತೆ," ಎಂದಳು ಭೀಮ, ಮೈಕಿನಲ್ಲಿ.

ಎಂಟಕ್ಕೆ ಹತ್ತೇ ನಿಮಿಷ. ಹೊರಗೆ ಮದುವೆಯವರ ಟೆಂಪೋ ಬಂದು ನಿಂತಿತು. ಅಜ್ಜಿ ಗದೆ ಹಿಡಿದು ನನ್ನ ಪಕ್ಕದಲ್ಲೇ ಇದ್ದರು.

"ನಂಗೆ ಟೈಮೇ ಇರಾಕಿಲ್ವೇನಪ್ಪ?"

ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿಯೇ ಇರಲಿಲ್ಲ. ತಡೆಯಲಾಗದೆ ತಲೆ ಓಡಿಸಿದೆ. ರಾಕ್ಷಸನನ್ನು ಕಂಡರೆ ಹುಡುಗಿ ಎದ್ದು ಓಡಿಬರುತ್ತಾಳೆಂದು ಬಕಾಸುರನನ್ನು ಮೊದಲೇ ಸ್ಟೇಜಿಗೆ ತಳ್ಳಿದೆ. ಆದರೆ ರಾಕ್ಷಸನೂ ಮಧ್ಯಾಹ್ನದಿಂದ ಉಪವಾಸ. ಘಮ ಮೂಗಿಗೆ ಬಡಿದದ್ದೇ, ಡಬರಿ ಎದುರು ಚಕ್ಕಳಮಕ್ಕಳ ಹಾಕಿ ಕೂತು, "ಒಸಿ ಆ ಕಡೆ ಜರುಗವ್ವ," ಎಂದರು.

ಈಗ ಇಬ್ಬರೂ ತಿನ್ನುತ್ತಿದ್ದರು. ತಡೆಯಲು ಓಡಿದ ನಾನು ಪರದೆಯ ಹಗ್ಗ ಎಡವಿ ನಾಲ್ಕು ಕಾಲಲ್ಲಿ ಸ್ಟೇಜಿನ ಮಧ್ಯಕ್ಕೆ ಬಂದು ಬಿದ್ದೆ.

"ಇವನ್ಯಾರ್ಲಾ?" ಎಂದಿತು ಮುಂದಿನ ಸಾಲು.

"ಬಂಡಿ ಎತ್ತು ಇರ್ಬೇಕು ಬುಡು!"

ವಾಚ್‌ಮನ್ ಸ್ವಿಚ್ ಬೋರ್ಡಿನತ್ತ ನಡೆದ. ಅಷ್ಟರಲ್ಲಿ ಎರಡನೇ ಭೀಮ ಎತ್ತನ್ನು ದಾಟಿಕೊಂಡು ನುಗ್ಗಿದರು. ಕಲಿತ ಮಾತುಗಳಲ್ಲಿ ಒಂದೂ ನೆನಪಿಗೆ ಬಂದಂತಿರಲಿಲ್ಲ. ಆದರೂ ಭವನದ ಚಾವಣಿಯ ಶೀಟೆಲ್ಲ ನಡುಗುವಂತೆ ಅಬ್ಬರಿಸಿದರು.

"ಏನ್ಲಾ ಬಕಾಸುರ! ನನ್ ಮೊಮ್ಮಗಳು ತಿನ್ನೋ ಅನ್ನಕ್ಕೇ ಕೈ ಹಾಕ್ತೀಯೇನ್ಲಾ!"

ಆ ಅಬ್ಬರಕ್ಕೆ ವಡೆ ರಾಕ್ಷಸನ ಗಂಟಲಲ್ಲೇ ನಿಂತಿತು. ಅಜ್ಜಿ ಹತ್ತಿ ತುಂಬಿದ ಗದೆಯಿಂದ ಬೆನ್ನಿಗೊಂದು ಬಾರಿಸಿದರು. ವಡೆ ಹೊರಗೆ ಹಾರಿತು. ಬದುಕಿದ ಸಂತೋಷಕ್ಕೆ ಬಕಾಸುರ ಅಂಗಾತ ಬಿದ್ದು ಸತ್ತರು.

ಭವನ ಹುಚ್ಚೆದ್ದಿತು. ಹಂಡೆ, ಸೌಟು ಹೊತ್ತು ಬಾಗಿಲಲ್ಲಿ ನಿಂತಿದ್ದ ಮದುವೆಯವರೇ ಮೊದಲು ಕೂಗಿದ್ದು: "ಒನ್ಸ್ ಮೋರ್!" ವಾಚ್‌ಮನ್ನಿನ ಬೆರಳು ಸ್ವಿಚ್ಚಿನ ಮೇಲೇ ಇತ್ತು. ಅವನೂ ಹಲ್ಲು ಕಿರಿಯುತ್ತ ಸ್ಟೇಜಿನತ್ತ ತಿರುಗಿದ. "ಇನ್ನೊಂದ್ಸಲ ಸಾಯ್ಸಿ ಅಜ್ಜಿ, ಆಮೇಲೆ ಆರಿಸ್ತೀನಿ!"

ಅಜ್ಜಿ ಸತ್ತವರನ್ನು ಗದೆಯಿಂದ ತಿವಿದರು. "ಏಳ್ಲಾ. ಜನ ಕೇಳ್ತಾವ್ರೆ."

"ಯವ್ವಾ, ಸೊಂಟ ಹಿಡ್ಕೊಂಡದೆ," ಎಂದಿತು ಹೆಣ.

"ಇಷ್ಟ್ ವರ್ಸ ಕಾದಿವ್ನಿ," ಎಂದರು ಅಜ್ಜಿ, ಗದೆಯನ್ನು ಮತ್ತೆ ಹೆಗಲಿಗೇರಿಸುತ್ತ. "ನೀನು ಒಂದೇ ಸಲಕ್ಕೆ ಸತ್ರೆ ಹೆಂಗ್ಲಾ?"