ಡಬಲ್ ರೊಟ್ಟಿಯ ಪುಡಿ

ಹುಬ್ಬಳ್ಳಿಯ ದಲಾಲರು ತಂದ ಡಬ್ಬಿಯನ್ನು ನಮ್ಮ ಮನೆಯವರೆಲ್ಲ ಒಬ್ಬರಾದ ಮೇಲೆ ಒಬ್ಬರು ಮೂಸಿ ನೋಡಿದೆವು. ಗೇಣುದ್ದದ ತಗಡಿನ ಡಬ್ಬಿ, ಮೈಮೇಲೆ ಇಂಗ್ಲಿಷ್ ಅಕ್ಷರ, ಒಳಗೆ ನಸುಗೆಂಪು ಬಣ್ಣದ ತರಿತರಿ ಪುಡಿ. ಉಪ್ಪಿಲ್ಲ, ಸಿಹಿಯಿಲ್ಲ, ಘಮವೆಂದು ಹೇಳುವಂಥದ್ದೂ ಇಲ್ಲ. ಅತ್ತೆ ಒಂದು ಚಿಟಿಕೆ ನಾಲಿಗೆಗೆ ಹಚ್ಚಲು ಹೋಗಿ, ವಿಲಾಯತಿಯದು ಎಂದು ನೆನಪಾಗಿ ಕೈ ಝಾಡಿಸಿಕೊಂಡರು.

ಡಬಲ್ ರೊಟ್ಟಿಯನ್ನು, ಎಂದರೆ ಬ್ರೆಡ್ಡನ್ನು, ಒಣಗಿಸಿ ಕುಟ್ಟಿದ್ದು ಇದು ಎಂದರು ದಲಾಲರು. ಮೊದಲು ಹಡಗಿನಲ್ಲಿ ಬರುತ್ತಿತ್ತಂತೆ. ಯುದ್ಧ ಶುರುವಾದ ಮೇಲೆ ಹಡಗಿನವರಿಗೆ ಇಂಥ ಚಿಲ್ಲರೆ ಸಾಮಾನು ಹೊರಲು ಪುರಸೊತ್ತಿಲ್ಲ. ಸಿಪಾಯಿಗಳ ಅಡುಗೆಮನೆಗೆ ಸಾಮಾನು ಒದಗಿಸುವ ಗುತ್ತಿಗೆದಾರನೊಬ್ಬ, ಈ ಪುಡಿಯನ್ನು ಇಲ್ಲೇ ಯಾರಾದರೂ ಮಾಡಿಕೊಟ್ಟರೆ ಗೋಧಿಹಿಟ್ಟು ತಾನೇ ಕಳಿಸುವೆನೆಂದು ಹೇಳಿದ್ದ. ಅವನದು ಒಂದೇ ಕರಾರು. ಮುಚ್ಚಿಟ್ಟ ಡಬ್ಬಿ ಮಳೆಗಾಲದಲ್ಲೂ ಕೆಡದೆ ನಿಲ್ಲಬೇಕು.

ನಾನಾಗ ಮಾಸೂರಿನಿಂದ ಸವಣೂರಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಮಾವನವರದು ಸೇವು, ಚೂಡಾ ಕರಿದು ಮಾರುವ ಖಾರದ ಅಂಗಡಿ. ಕಡಲೆಹಿಟ್ಟು, ಶೇಂಗಾ ಎಣ್ಣೆ ಸಿಕ್ಕ ದಿನ ಬಾಣಲೆ ಇಡುವುದು, ಸಿಗದ ದಿನ ಕಟ್ಟೆಯ ಮೇಲೆ ಕೂತು ಬೀದಿ ನೋಡುವುದು. ನಮ್ಮ ಹಿತ್ತಲ ಗೋಡೆಯಾಚೆ ರೊಟ್ಟಿ ಭಟ್ಟಿಯಿತ್ತು. ಅದರ ಯಜಮಾನರು ವಯಸ್ಸಾದ ಮುಸಲ್ಮಾನರು, ಒಂಟಿ ಜೀವ. ಓಣಿಯವರಿಗೆಲ್ಲ ಭಟ್ಟಿ ಕಾಕಾ.

ಕಾಕಾರಿಗೆ ಗೋಧಿಹಿಟ್ಟು ಸಿಗುವುದು ಕಷ್ಟವಾಗಿತ್ತು. ಮೊದಲು ದಿನವೂ ಉರಿಯುತ್ತಿದ್ದ ಭಟ್ಟಿ ವಾರಕ್ಕೊಮ್ಮೆ ಉರಿಯತೊಡಗಿತು. ಭಟ್ಟಿಯೆಂದರೆ ಮಣ್ಣು ಇಟ್ಟಿಗೆಯ ಗೂಡು. ತಣ್ಣಗೆ ಬಿದ್ದರೆ ಮಳೆಗಾಲದ ತೇವ ಹೀರಿ ಒಳಮೈ ಬಿರಿಯುತ್ತದೆ, ಕಮಾನು ಕುಸಿಯುತ್ತದೆ. ಮೀರಜದಲ್ಲಿದ್ದ ಮಗಳು, ಭಟ್ಟಿ ಮುಚ್ಚಿ ನಮ್ಮಲ್ಲಿಗೆ ಬಂದುಬಿಡು ಎಂದು ಎರಡು ಸಲ ಕಾರ್ಡು ಬರೆಸಿದ್ದಳು. ಅಳಿಯನ ಮನೆಯ ಪಡಸಾಲೆಯಲ್ಲಿ ಹಾಸಿಗೆ ಹಾಸಿಕೊಂಡು ಬಿದ್ದಿರುವುದು ಕಾಕಾರಿಗೆ ಬೇಡವಾಗಿತ್ತು. ಈ ಪುಡಿ ಕೆಡದೆ ನಿಂತರೆ ಹಿಟ್ಟು ಬರುತ್ತದೆ, ಹಿಟ್ಟು ಬಂದರೆ ಭಟ್ಟಿ ಉರಿಯುತ್ತದೆ. ಅದಕ್ಕೇ ಅವರು ದಲಾಲರನ್ನು ನಮ್ಮ ಮನೆಗೆ ಕರೆತಂದಿದ್ದರು. ರೊಟ್ಟಿ ಸುಡುವುದು ಅವರ ಕೆಲಸ. ಕುಟ್ಟಿ, ಸಾಣಿಸಿ, ಡಬ್ಬಿ ತುಂಬುವುದು ನಮ್ಮದು. ಒಣ ತಿನಿಸನ್ನು ಕೆಡದಂತೆ ಇಡುವುದರಲ್ಲಿ ಮಾವನವರಿಗೆ ಊರಲ್ಲಿ ಹೆಸರಿತ್ತು.

ಅತ್ತೆಗೆ ಮಾತ್ರ ಒಂದು ವಿಷಯ ಬಗೆಹರಿಯಲಿಲ್ಲ. ನಮ್ಮ ಕಡೆ ಡಬಲ್ ರೊಟ್ಟಿ ತಿನ್ನುತ್ತಿದ್ದುದು ಜ್ವರ ಬಂದವರು, ಅದೂ ಹಾಲಿನಲ್ಲಿ ಅದ್ದಿಕೊಂಡು.

“ಅಷ್ಟು ಮಂದಿ ಸಿಪಾಯಿಗೊಳಿಗೆ ಒಮ್ಮೆಲೇ ಜ್ವರಾ ಬಂದಾವೇನು?” ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು.

ಕಾಕಾ ತಮ್ಮಲ್ಲಿದ್ದ ಹಿಟ್ಟಿನಲ್ಲಿ ಸುಟ್ಟ ರೊಟ್ಟಿಗಳು ಬಂದವು. ನಾನೂ ಅತ್ತೆಯೂ ಅವನ್ನು ಹೋಳು ಮಾಡಿದೆವು. ಬೆಂಕಿ ಹೊರಗೆಳೆದ ಮೇಲೆ ಉಳಿಯುವ ಭಟ್ಟಿಯ ಕಾವಿನಲ್ಲಿ ಕಾಕಾ ಅವನ್ನು ಮಧ್ಯಾಹ್ನದಿಂದ ಸಂಜೆಯವರೆಗೆ ಒಣಗಿಸಿ ಕೊಟ್ಟರು. ಬೆರಳಲ್ಲಿ ಮುರಿದರೆ ಟಕ್ಕೆನ್ನಬೇಕು. ಆಮೇಲೆ ಒರಳಲ್ಲಿ ಒನಕೆಯನ್ನು ಮೆಲ್ಲಗೆ ಬಿಡಬೇಕು. ಜೋರಾಗಿ ಕುಟ್ಟಿದರೆ ಹಿಟ್ಟಾಗುತ್ತದೆ, ತರಿ ಉಳಿಯುವುದಿಲ್ಲ. ಸಣ್ಣ ರವೆಯ ಹದಕ್ಕೆ ಬಂದಾಗ ಸಾಣಿಗೆ ಹಿಡಿಯುತ್ತಿದ್ದೆವು.

ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಮಾವನವರು ಪುಡಿಯನ್ನು ಬಾಯಿಗೆ ಹಾಕಿಕೊಂಡು ನೋಡಿದರು, ಮುಖ ಸಣ್ಣದು ಮಾಡಿದರು. ಇಷ್ಟು ಸಪ್ಪಗಿನದನ್ನು ತಮ್ಮ ಕೈಯಿಂದ ಹೊರಗೆ ಕಳಿಸಲು ಅವರಿಗೆ ಮನಸ್ಸೇ ಬರಲಿಲ್ಲ. ಬಾಣಲೆ ಇಡಿಸಿದರು. ಕೂಡಿಟ್ಟ ಶೇಂಗಾ ಎಣ್ಣೆ, ಕರಿಬೇವು, ಅರಿಶಿಣ, ಉಪ್ಪು, ಖಾರದ ಪುಡಿ. ಒಗ್ಗರಣೆ ಕೊಟ್ಟು ಹುರಿದರು. ಓಣಿಯ ತುದಿಯವರೆಗೆ ವಾಸನೆ ಹೋಯಿತು. ನಾವೂ ಒಂದೊಂದು ಮುಷ್ಟಿ ತಿಂದೆವು. ಬಹಳ ಚೆನ್ನಾಗಿತ್ತು. ಉಳಿದದ್ದು ಡಬ್ಬಿ ಸೇರಿತು.

ತಿಂಗಳು ಬಿಟ್ಟು ದಲಾಲರು ಬಂದು ಮುಚ್ಚಳ ತೆಗೆದಾಗ, ನಡುಮನೆಯಲ್ಲಿ ನಿಂತಿದ್ದ ನನಗೂ ಎಣ್ಣೆ ಕೆಟ್ಟ ಕಮಟು ವಾಸನೆ ಬಡಿಯಿತು.

“ಸಾವ್ಕಾರ್ರ, ಪುಡಿ ಕೇಳಿದ್ರ ಖಾರಾ ಕೊಟ್ಟೀರಲ್ರಿ,” ಎಂದರು ದಲಾಲರು.

“ಸಪ್ಪನ್ನ ಪುಡಿ ಯಾರು ತಿಂತಾರ್ರಿ? ತಿನ್ನಾವ್ರಿಗೆ ನಾಲಿಗಿ ಇರಂಗಿಲ್ಲೇನು?” ಎಂದರು ಮಾವನವರು.

“ಅದನ್ನ ತಿನ್ನಂಗಿಲ್ರೀ. ಬ್ಯಾರೇದಕ್ಕ ಹಚ್ಚತಾರ.”

ಆಗಲೇ ನಮಗೆ ತಿಳಿದದ್ದು. ಬಟಾಟೆಯನ್ನೋ ಕೊಚ್ಚಿದ ಮಾಂಸದ ಖೀಮವನ್ನೋ ಚಪ್ಪಟೆ ತಟ್ಟಿ, ಕೋಳಿ ತತ್ತಿಯಲ್ಲಿ ಅದ್ದಿ, ಈ ಪುಡಿಯಲ್ಲಿ ಹೊರಳಿಸಿ ಕರಿಯುತ್ತಾರಂತೆ. ಮೇಲೆ ಗರಿಗರಿ ಪದರ ಬರುತ್ತದಂತೆ. ರುಚಿ ಒಳಗಿನದಕ್ಕೆ, ಪುಡಿಗಲ್ಲ. ಮಾವನವರು ಕಮಟು ಮರೆತು, ಎಣ್ಣೆ ಎಷ್ಟು ಕಾದಿರಬೇಕು, ಪದರ ಕಳಚುವುದಿಲ್ಲವೇ ಎಂದು ಕೇಳತೊಡಗಿದರು. ಖೀಮ, ತತ್ತಿ ಎಂದದ್ದು ಕೇಳಿ ನಾನು ಅತ್ತೆಯ ಮುಖ ನೋಡಿದೆ. ಅವರು, ಇಲ್ಲಿಂದ ಹೋಗುವಾಗ ಅದು ಬರೀ ರೊಟ್ಟಿ, ಅಲ್ಲಿ ಏನು ಮಾಡಿಕೊಳ್ಳುತ್ತಾರೋ ಅದು ಅವರ ಪಾಡು ಎಂದು ಮುಗಿಸಿದರು.

ಕಾಕಾ ಕಟ್ಟೆಯ ಮೂಲೆಯಲ್ಲಿ ಕೂತಿದ್ದರು. ಎದ್ದು ಹೋಗುವಾಗ ದಲಾಲರು ಹೇಳಿದರು, ಇನ್ನೊಂದೇ ಸಲ ನೋಡುತ್ತೇನೆ, ದಸರೆ ಮುಗಿದ ಮೇಲೆ ಬರುತ್ತೇನೆ. ಆಗಲೂ ಆಗದಿದ್ದರೆ ಬೆಳಗಾವಿಯವರಿಗೆ ಕೊಡುತ್ತೇನೆ. ಅವರು ಹೋದ ಮೇಲೆ ಕಾಕಾ ಮಾವನವರಿಗೆ, “ಮನ್ಯಾಗ ಇನ್ನ ಒಂದ ಸಲಕ್ಕಾಗೂವಷ್ಟ ಹಿಟ್ಟೈತ್ರಿ ಸಾವ್ಕಾರ್ರ,” ಎಂದಷ್ಟೇ ಹೇಳಿದರು.

ಎರಡನೆಯ ಸಲ ಮಾವನವರು ಒಗ್ಗರಣೆಯ ಹೆಸರೆತ್ತಲಿಲ್ಲ. ಕುಟ್ಟಿದ ಪುಡಿಯನ್ನು ಇನ್ನೊಮ್ಮೆ ಬಾಣಲೆಯಲ್ಲಿ ಎಣ್ಣೆ ಹಾಕದೆ ಬೆಚ್ಚಗೆ ಮಾಡಿ, ಬಿಸಿ ಇರುವಾಗಲೇ ಡಬ್ಬಿಗೆ ಸುರಿದು ಮುಚ್ಚಲು ಹೊರಟರು. ಬಿಸಿ ಇದ್ದರೆ ಒಳಗೆ ತೇವ ಸೇರುವುದಿಲ್ಲ ಎಂಬುದು ಅವರ ಲೆಕ್ಕ.

ಮಾಸೂರಿನ ನಮ್ಮ ಮನೆಯಲ್ಲಿ ಮಳೆಗಾಲಕ್ಕೆಂದು ಜೋಳದ ಕಡಕ್ ರೊಟ್ಟಿ ಮಾಡಿ ಅರಿವೆಯಲ್ಲಿ ಕಟ್ಟಿಡುತ್ತಿದ್ದೆವು. ಒಂದೇ ಒಂದು ರೊಟ್ಟಿ ಬೆಚ್ಚಗಿದ್ದರೂ ಅವ್ವ ಗಂಟು ಕಟ್ಟಗೊಡುತ್ತಿರಲಿಲ್ಲ. ಬಿಸಿ ಬೆವರುತ್ತದೆ, ಬೆವರು ಬೂಷ್ಟು ಹಿಡಿಸುತ್ತದೆ. ಆದರೆ ಆ ಕಾಲದಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿಯಿರಲಿಲ್ಲ. ನಾನು ಬಾಗಿಲ ಹಿಂದೆ, ಅತ್ತೆ ಹೊಸ್ತಿಲ ಮೇಲೆ, ಮಾವನವರು ಬಾಣಲೆಯ ಮುಂದೆ. ಮೂವರ ನಡುವೆ ನಾಲ್ಕು ಮೊಳ ಜಾಗ. ಅತ್ತೆಗೆ ಹೇಳಿದಂತೆ ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ:

“ಅತ್ತೀ, ನಮ್ಮವ್ವ ಕಡಕ್ ರೊಟ್ಟಿ ಪೂರಾ ಆರೂತನಾ ಕಟ್ಟತಿದ್ದಿಲ್ಲ. ಇದೂ ರೊಟ್ಟಿನ ಅಲ್ಲೇನ್ರಿ?”

ಮಾವನವರ ಕೈ ನಿಂತಿತು. ಅವರೂ ಅತ್ತೆಗೇ ಹೇಳಿದರು:

“ನಲವತ್ತ ವರ್ಷ ಬಾಣಲಿ ಮುಂದ ಕುಂತಾವ ನಾನು. ಮಾಸೂರವ್ರು ನನಗ ಡಬ್ಬಿ ತುಂಬೂದು ಕಲಸಾಕತ್ತಾರೇನು?”

ಅತ್ತೆ ಇಬ್ಬರ ಮಾತನ್ನೂ ಕೇಳಿಸಿಕೊಂಡು, “ಡಬ್ಬಿ ಎರಡು ಅದಾವಲ್ಲ, ಒಂದು ನಿಮ್ಮದು ಮಾಡ್ರಿ, ಒಂದು ಆಕೀದು,” ಎಂದರು. ಮಾವನವರು ತಮ್ಮದನ್ನು ಆಗಲೇ ತುಂಬಿದರು. ನನ್ನ ಪಾಲನ್ನು ಹರಿವಾಣದಲ್ಲಿ ಹರವಿ, ತೆಳು ಅರಿವೆ ಮುಚ್ಚಿ, ಕೈಗೆ ತಣ್ಣಗೆ ಹತ್ತುವವರೆಗೆ ಕಾದೆ. ಮಳೆ ಹಿಡಿದಿತ್ತು, ತಡವಾದರೆ ಹೊರಗಿನ ತೇವ ಎಳೆಯುತ್ತದೆಂಬ ಹೆದರಿಕೆ ಬೇರೆ. ಎರಡೂ ಮುಚ್ಚಳಕ್ಕೆ ಸುತ್ತ ಮೇಣ ಹಚ್ಚಿದೆವು.

ದಸರೆಯವರೆಗೆ ನಾನು ದಿನಕ್ಕೆರಡು ಸಲ ಆ ಡಬ್ಬಿಗಳನ್ನು ಅಲ್ಲಾಡಿಸಿ ಕೇಳಿದ್ದೇನೆ. ಎರಡೂ ಒಂದೇ ಥರ ಸದ್ದು ಮಾಡುತ್ತಿದ್ದವು. ಏನೂ ಗೊತ್ತಾಗುತ್ತಿರಲಿಲ್ಲ. ಈ ನಡುವೆ ಕಾಕಾ ಹಿಟ್ಟು ನಾದುವ ಮರದ ತೊಟ್ಟಿಯನ್ನು ಹೊರಗೆ ಒರಗಿಸಿ, ಬಂದುಹೋದವರ ಹತ್ತಿರ ಯಾರಿಗಾದರೂ ಬೇಕೇನು ಎಂದು ವಿಚಾರಿಸುತ್ತಿದ್ದರು.

ದಲಾಲರು ಮಾತಿಗೆ ತಪ್ಪದೆ ಬಂದರು. ಮೊದಲು ಮಾವನವರ ಡಬ್ಬಿ. ಮೇಲಿನ ಪುಡಿ ಚೆನ್ನಾಗಿತ್ತು. ಮುಚ್ಚಳದ ಒಳಮಗ್ಗುಲಿಗೆ ಮಾತ್ರ ಲಿಂಬೆಹಣ್ಣಿನಷ್ಟು ಹೆಂಟೆ ಅಂಟಿತ್ತು, ಅದರ ಮೇಲೆ ಹಸಿರು ಬೂಷ್ಟು. ಅಷ್ಟು ತೆಗೆದು ಒಗೆದರಾಯಿತು ಎಂದರು ಮಾವನವರು. ದಲಾಲರು ಅದನ್ನು ಬದಿಗಿಟ್ಟು ಎರಡನೆಯ ಡಬ್ಬಿಯನ್ನು ಬಗ್ಗಿಸಿದರು. ಪುಡಿ ಉಸುಕಿನ ಹಾಗೆ ಮೊರಕ್ಕೆ ಇಳಿಯಿತು. ಮೂಸಿದರು, ಹಲ್ಲಿನಲ್ಲಿ ಕಡಿದರು, ಮತ್ತೆ ಮೂಸಿದರು. ಕಾಕಾ ಅವರ ಬಾಯಿಯನ್ನೇ ನೋಡುತ್ತಿದ್ದರು.

“ಹಿಟ್ಟು ಬರೂ ಸ್ವಾಮಾರ ಕಳಸ್ತೇನಿ,” ಎಂದರು ದಲಾಲರು.

ಅವತ್ತು ಊಟಕ್ಕೆ ಕೂತಾಗ ಮಾವನವರು ಅತ್ತೆಗೆ, ಇನ್ನು ಮೇಲೆ ಪುಡಿ ಆರಿತೋ ಇಲ್ಲವೋ ನೋಡುವುದು ನಿನ್ನ ಸೊಸೆಯ ಕೆಲಸ ಎಂದರು, ನನಗೆ ಕೇಳುವಷ್ಟು ಗಟ್ಟಿಯಾಗಿ.

ಸೋಮವಾರ ಹಿಟ್ಟಿನ ಚೀಲ ಬಂದವು. ಕಾಕಾ ಅಂದೇ ರೊಟ್ಟಿ ಸುಡಲಿಲ್ಲ. ಇಷ್ಟು ದಿನ ತಣ್ಣಗಿದ್ದ ಭಟ್ಟಿಗೆ ಒಮ್ಮೆಲೇ ಉರಿ ಕೊಟ್ಟರೆ ಒಡೆಯುತ್ತದಂತೆ. ಮೊದಲ ದಿನ ಹತ್ತಿಕಟ್ಟಿಗೆ ಒಂದು ಹಿಡಿ, ಮರುದಿನ ಎರಡು, ಮೂರನೆಯ ದಿನ ಜಾಲಿಯ ಕೊರಡು. ನಾನು ಗೋಡೆಯಾಚೆ ಇಣುಕಿದಾಗ ಅವರು ಭಟ್ಟಿಯ ಹೊರಮೈಗೆ ಅಂಗೈ ಊರಿ, ಅಲ್ಲಲ್ಲಿ ಸರಿಸಿ ಸರಿಸಿ, ಕಾವು ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತಿದ್ದರು.

“ಬಂತೇನ್ರಿ ಕಾಕಾ?” ಎಂದು ಕೇಳಿದೆ.

“ಬರಾಕತ್ತೈತವ್ವಾ,” ಎಂದರು, ಕೈ ತೆಗೆಯದೆ. “ಮೀರಜಕ್ಕೊಂದು ಕಾರ್ಡ ಬರದ ಕೊಡ್ತೀಯೇನು? ಬರೂದಾಗಂಗಿಲ್ಲ ಅಂತ ಬರಿ.”