ಹೆಡ್‌ಸ್ಕ್ರ್ಯಾಚರ್ ಕನಕರಾಜು
ಬಟವಾಡಿಯಲ್ಲಿ ಮಿಕ್ಸಿ ರಿಪೇರಿ ಮಾಡುವ ಕನಕರಾಜುವಿಗೆ ‘ಹೆಡ್‌ಸ್ಕ್ರ್ಯಾಚರ್’ ಎಂಬ ಇಂಗ್ಲಿಷ್ ಪದ ಸಿಕ್ಕಿದ್ದು ಶೆಟ್ಟಿಹಳ್ಳಿಯ ಟೀಚರೊಬ್ಬರಿಂದ. ತಲೆ ಕೆರೆದುಕೊಳ್ಳುವಂತೆ ಮಾಡುವ ಒಗಟಿಗೆ ಹಾಗೆನ್ನುತ್ತಾರೆಂದು ಅವರು ಹೇಳಿಹೋದ ದಿನದಿಂದ, ತಲೆಯ ಮೇಲೆ ಒಂದು ಕೂದಲೂ ಇಲ್ಲದ ಈ ಮನುಷ್ಯನ ಬಾಯಲ್ಲಿ ಬೇರೆ ಮಾತೇ ಇಲ್ಲ. ಗುಬ್ಬಿ ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಅದು ಹೆಡ್‌ಸ್ಕ್ರ್ಯಾಚರ್. ಹೆಂಡತಿ ತ್ರಿವೇಣಿ ಕೇಳದೆಯೇ ಎರಡನೆಯ ಸಲ ಕಾಫಿ ಕೊಟ್ಟರೆ ಡಬಲ್ ಹೆಡ್‌ಸ್ಕ್ರ್ಯಾಚರ್. “ಮುದ್ದೆ ಯಾಕೆ ಗಂಟಾಯ್ತು ಅಂತ ಕೇಳಿದ್ರೆ ನಾನೂ ಅದನ್ನೇ ಅಂತೀನಿ, ಸುಮ್ನಿರಿ,” ಎನ್ನುತ್ತಾಳೆ ಅವಳು. ಇಪ್ಪತ್ತು ವರ್ಷದಿಂದ ಮಿಕ್ಸಿ ಬಿಚ್ಚುತ್ತಿರುವ ಅವನಿಗೆ ಅರ್ಥವಾಗದ ರಿಪೇರಿ ಯಾವುದೂ ಇಲ್ಲವೆಂಬುದು ಅವಳಿಗೆ ಗೊತ್ತು. ಮೊನ್ನೆ ಕುಣಿಗಲ್ ಕಡೆಯ ಅತ್ತೆಯೊಬ್ಬರು ಕೆಟ್ಟ ಮಿಕ್ಸಿಯ ಜೊತೆಗೆ ಹೊಸ ಸೊಸೆಯನ್ನೂ ಕರೆದುಕೊಂಡು ಬಂದರು. “ಇವ್ಳೇ ಏನೋ ಮಾಡವ್ಳೆ. ನೋಡಿ ನೀನೇ ಹೇಳಪ್ಪ,” ಎಂದರು. ಸೊಸೆ ನೆಲ ನೋಡುತ್ತ ನಿಂತಿದ್ದಳು. ಕನಕರಾಜು ಅವರಿಗೆ ಬೆನ್ನು ಮಾಡಿ ಜಾರಿನೊಳಗೆ ಇಣುಕಿದ. ಬ್ಲೇಡಿನಡಿ ಚಮಚದ ಮುರಿದ ತುದಿ ಸಿಕ್ಕಿಕೊಂಡಿತ್ತು. ಅದನ್ನು ಮೆಲ್ಲಗೆ ಕಿತ್ತು ಅಂಗೈಯಲ್ಲಿ ಮುಚ್ಚಿಕೊಂಡು, ಬೋಳುತಲೆಯನ್ನು ಬಹಳ ಹೊತ್ತು ಕೆರೆದುಕೊಂಡ. “ಇದು ಹೆಡ್‌ಸ್ಕ್ರ್ಯಾಚರ್ ಕಣಮ್ಮ. ಯಾಕೆ ನಿಂತೋಯ್ತು ಅಂತ ಮಿಕ್ಸಿ ಮಾಡಿದ ಕಂಪ್ನಿಯೋರಿಗೂ ಗೊತ್ತಾಗಕಿಲ್ಲ. ಯಾರ್ದೂ ತಪ್ಪಿಲ್ಲ ಬುಡಿ,” ಎಂದ. ಸೊಸೆ ಆಗ ಮೊದಲ ಸಲ ತಲೆಯೆತ್ತಿದಳು. ಅವರು ಹೋದ ಮೇಲೆ ಅವನು ಆ ತುಂಡನ್ನು ಮೇಜಿನಡಿಯ ಡಬ್ಬಿಗೆ ಹಾಕಿದ. ಅದರಲ್ಲಿ ಚಮಚದ ತುದಿಗಳು, ಬಳೆಚೂರುಗಳು, ಹೇರ್‌ಪಿನ್ನುಗಳು ಆಗಲೇ ಅರ್ಧ ತುಂಬಿದ್ದವು.