ಮಣ್ಣಿನ ಗೆದ್ದಲು, ಒಣ ಕಟ್ಟಿಗಿ ಗೆದ್ದಲು

ಸನತ್‌ನಗರದ ಕಾರ್ಖಾನಿ ಕ್ವಾರ್ಟರ್ಸ್ ಬಿಟ್ಟು ನಾವು ನಾಲ್ಕನೇ ಮಾಳಿಗಿ ಫ್ಲ್ಯಾಟಿಗೆ ಬಂದಾಗ ಹೈದರಾಬಾದಿನ್ಯಾಗ ಕಂಪ್ಯೂಟರ್ ಕಂಪನಿಗಳ ಸುಗ್ಗಿ. ಎಲ್ಲಿ ನೋಡಿದರೂ ಕಟ್ಟಡ ಏಳಾಕತ್ತಿದ್ದವು. ನನ್ನ ಖುಷಿ ಬ್ಯಾರೆ: ಇನ್ನ ಗೆದ್ದಲಿನ ಕಾಟ ತಪ್ಪಿತು! ನೆಲದಾಗಿನ ಹುಳ ಇಷ್ಟೆತ್ತರ ಹತ್ತಿ ಬರತೈತೇನು?

ಗೆದ್ದಲಿನ ವಿಷಯದಾಗ ನಾ ಭಾಳ ಶಾಣ್ಯಾಕಿ ಅಂತ ಸೊಕ್ಕಿತ್ತು. ಕ್ವಾರ್ಟರ್ಸಿನ್ಯಾಗ ಗೋಡೆ ಮ್ಯಾಲೆ ಅದರ ಮಣ್ಣಿನ ದಾರಿ ಕಂಡ ಕೂಡಲೇ ಕೆರೆದು ಚಿಮಣಿ ಎಣ್ಣಿ ಸುರೀತಿದ್ದೆ. ನಮ್ಮವ್ವ ಕೊಟ್ಟ ಮಾವಿನ ಕಟ್ಟಿಗಿ ತೊಟ್ಟಿಲನ್ನ ಇಲ್ಲೂ ಗೋಡೆಯಿಂದ ಗೇಣು ದೂರ, ಇಟ್ಟಂಗಿ ಮ್ಯಾಲೆ ಇಟ್ಟಿದ್ದೆ.

ಸೊಸಿ ಬಸುರಾದಳು. ತವರಿನ್ಯಾಗ ಆಕಿಗೆ ಯಾರೂ ಇರಲಿಲ್ಲ, ಬಾಣಂತನ ನಮ್ಮನ್ಯಾಗಽ. ಒಂದಿನ ಕಸ ಹೊಡಿಯುವಾಗ, "ಅತ್ತಿ, ತೊಟ್ಟಿಲ ಕೆಳಗ ಗಸಗಸಿಯಂಗ ಏನೋ ದಿನಾ ಬೀಳಾಕತ್ತೈತ್ರಿ" ಅಂದಳು.

"ನೀನಽ ಅಡಗಿ ಮನಿಯಿಂದ ಚೆಲ್ಲಿಕೊಂಡು ಬರತಿ. ನೆಟ್ಟಗ ಗುಡಿಸು" ಅಂತ ಗದರಿದೆ. ಮತ್ತೆರಡು ಸಲ ಹೇಳಿದಳು, ಮತ್ತೆರಡು ಸಲ ಬೈಸಿಕೊಂಡಳು. ಆಮ್ಯಾಲೆ ಸುಮ್ಮನ ಗುಡಿಸತಿದ್ದಳು. ಗಟ್ಟಿ ಐತೇನಂತ ತೂಗಿ ಪರೀಕ್ಷಾ ಮಾಡೂಣಂದ್ರ, ಖಾಲಿ ತೊಟ್ಟಿಲು ತೂಗಬಾರದು ಅನ್ನೋ ಮಂದಿ ನಾವು.

ಕೂಸಿಗೆ ಹೆಸರಿಡೋ ದಿನ ತೊಟ್ಟಿಲನ್ನ ಹಾಲ್‌ನ್ಯಾಗ ಕೊಂಡಿಗೆ ಹಾಕಿದಿವಿ. ನಮ್ಮ ಪದ್ಧತಿಯಂಗ ಕೂಸಿಗಿಂತ ಮೊದಲು ರುಬ್ಬೋ ಗುಂಡಕಲ್ಲಿಗೆ ಕೂಸಿನ ಕುಂಚಿಗಿ ಹೊದಿಸಿ ಮಲಗಿಸಿದೆ. ಹೆಣ್ಮಕ್ಕಳೆಲ್ಲಾ ನಗಾಕತ್ತಿದ್ದರು. ಒಂದಽ ಸಲ ತೂಗಿದೆ. ತಳದ ಹಲಗಿ ಮುರಿದು ಕಲ್ಲು ಧಡಕ್ಕನ ನೆಲಕ್ಕ ಬಿತ್ತು, ಫರಸಿ ಸೀಳಿತು. ಹೊಸ ಅಂಗಿ ಹಾಕಿಕೊಂಡ ಕೂಸು ಸೊಸಿ ತೋಳಿನ್ಯಾಗಿತ್ತು. ಅಯ್ಯ ಶಿವನಽ, ಇನ್ನೊಂದು ಗಳಿಗಿಗೆ ಅದನ್ನಽ ಮಲಗಿಸೋರಿದ್ದಿವಿ.

ಎದುರಿನ ಕಟ್ಟಡದಾಗ ಕೆಲಸ ಮಾಡತಿದ್ದ ಬೀದರ ಕಡೆ ಬಡಿಗನನ್ನ ಆಗಿಂದಾಗಽ ಕರೆಸಿದಿವಿ. ಹಲಗಿ ಮುರಿದು ತೋರಿಸಿದ. ಮ್ಯಾಲೆ ಬಣ್ಣ, ಒಳಗ ಪೊಳ್ಳು.

"ಇದು ಬ್ಯಾರೆ ಜಾತಿ ಗೆದ್ದಲ ಐತ್ರಿ ಅಮ್ಮಾ. ಮಣ್ಣಿನದಕ್ಕ ನೆಲದ ಹಸಿ ಬೇಕು. ದಾರಿ ಕಟ್ಟಿಕೊಂಡು ಬರತೈತಿ, ಕಣ್ಣಿಗೆ ಬೀಳತೈತಿ. ಇದಕ್ಕ ಮಣ್ಣಽ ಬ್ಯಾಡ. ಒಣ ಕಟ್ಟಿಗಿಯೊಳಗಽ ಸಂಸಾರ ಮಾಡತೈತಿ. ಹೊರಗ ಬೀಳೋದು ಸಣ್ಣ ಕಾಳಿನಂಗ ಇದರ ಹಿಕ್ಕಿ ಅಷ್ಟಽ. ಯಾರೂ ನೋಡಲಿಲ್ಲೇನ್ರಿ?"

ಸೊಸಿ ತಲಿ ತಗ್ಗಿಸಿ ಕೂಸಿನ ಅಂಗಿ ಸರಿ ಮಾಡಾಕತ್ತಳು. ನನ್ನ ಕಡೆ ಬೊಟ್ಟು ಮಾಡಿದ್ದರಽ ಚಲೋ ಇತ್ತು.

"ಈಕಿ ನೋಡಿದ್ಲಪಾ. ಮೂರು ಸಲ ಹೇಳಿದ್ಲು. ನಾನಽ ಕೇಳಲಿಲ್ಲ" ಅಂದೆ, ಬಂದ ಮಂದಿ ಎದುರಿಗೇ.

ಆಕಿ ಕೂಸನ್ನ ತಂದು ನನ್ನ ಮಡಿಲಿಗೆ ಹಾಕಿದಳು. ಹಿಡಿಯಾಕ ಅಂಜಿದೆ.